ಎರಡು ದಿನದ ಎಕ್ಸ್‌ಬಿಆರ್‌ಎಲ್ ತರಬೇತಿ: ಶನಿವಾರ ಸಾಧಾರಣ, ಭಾನುವಾರ ಸಾರ್ಥಕ

ಹೂಡಿಕೆ ನಿಧಿಗಳ ನಿರ್ವಾಹಕರನ್ನು ಕಡ್ಡಾಯ ಡಿಜಿಟಲ್ ವರದಿ ಸಲ್ಲಿಕೆಗೆ ಸಜ್ಜುಗೊಳಿಸುವ ತರಬೇತಿಯೊಂದು ಕಳೆದ ತಿಂಗಳು ಮೈಸೂರಿನ ಯಾದವಗಿರಿಯ ಹೋಟೆಲ್ ಸಭಾಂಗಣದಲ್ಲಿ ಶನಿವಾರ ಮತ್ತು ಭಾನುವಾರ ನಡೆಯಿತು. ಎಕ್ಸ್‌ಬಿಆರ್‌ಎಲ್ ಎಂದರೆ ಲೆಕ್ಕಪತ್ರದ ಪ್ರತಿ ಅಂಕಿಗೂ ಯಂತ್ರ ಓದಬಲ್ಲ ಗುರುತು (ಟ್ಯಾಗ್) ಹಚ್ಚಿ ವರದಿ ಸಲ್ಲಿಸುವ ವಿಧಾನ. ನಡೆಸಿದವರು ಹೊರಗಿನಿಂದ ಬಂದ ಒಂದು ಖಾಸಗಿ ಸಂಸ್ಥೆಯವರು. ಶುಲ್ಕ ತಲೆಗೆ 8,500 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ. ನಾನು ಕೆಲಸ ಮಾಡುವುದು ಕೆಟಗರಿ 2ಕ್ಕೆ ಸೇರಿದ ಸಣ್ಣ ಪರ್ಯಾಯ ಹೂಡಿಕೆ ನಿಧಿಯೊಂದನ್ನು (ಆಯ್ದ ಹೂಡಿಕೆದಾರರಿಂದ ಖಾಸಗಿಯಾಗಿ ಹಣ ಕೂಡಿಸಿ ಹೂಡುವಂಥದು) ನಿರ್ವಹಿಸುವ ಕಂಪನಿಯಲ್ಲಿ. ಲೆಕ್ಕಪತ್ರ, ಷೇರುಪೇಟೆ ನಿಯಂತ್ರಕ ಸೆಬಿಗೆ ಸಲ್ಲಿಸುವ ವರದಿ, ಹೂಡಿಕೆದಾರರ ಪತ್ರವ್ಯವಹಾರ ಎಲ್ಲಕ್ಕೂ ಸೇರಿ ಇರುವವರು ಮೂರೇ ಜನ. ನಮ್ಮ ಕಂಪನಿಯ ಪಾವತಿಯಾದ ಷೇರು ಬಂಡವಾಳ ಈ ವರ್ಷ 5 ಕೋಟಿ ರೂಪಾಯಿ ಮುಟ್ಟಿರುವುದರಿಂದ, ಇಷ್ಟು ದಿನ ಪಿಡಿಎಫ್ ಲಗತ್ತಿಸಿ ಮುಗಿಸುತ್ತಿದ್ದ ವಾರ್ಷಿಕ ಲೆಕ್ಕಪತ್ರವನ್ನು ಇನ್ನು ಮುಂದೆ ಕಂಪನಿ ವ್ಯವಹಾರಗಳ ಸಚಿವಾಲಯದ ಎಒಸಿ-4 ಎಕ್ಸ್‌ಬಿಆರ್‌ಎಲ್ ನಮೂನೆಯಲ್ಲಿಯೇ ಸಲ್ಲಿಸಬೇಕಾಗಿದೆ. ಶುಲ್ಕ ಕಟ್ಟಿದ್ದು ಆ ಅಂಜಿಕೆಯಿಂದ.

ಮೊದಲಿಗೆ ಕರಪತ್ರದ ಬಗ್ಗೆ ಒಂದು ಆಕ್ಷೇಪಣೆ. ನಿಧಿಯನ್ನೂ ಅದನ್ನು ನಿರ್ವಹಿಸುವ ಕಂಪನಿಯನ್ನೂ ಅದು ಒಂದೇ ಎಂಬಂತೆ ಬರೆದಿತ್ತು. ನಮ್ಮಲ್ಲಿ ಪರ್ಯಾಯ ಹೂಡಿಕೆ ನಿಧಿಗಳಲ್ಲಿ ಹೆಚ್ಚಿನವು ಟ್ರಸ್ಟ್ ರೂಪದಲ್ಲಿವೆ. ಟ್ರಸ್ಟಿನ ಲೆಕ್ಕಪತ್ರ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಹೋಗುವುದೇ ಇಲ್ಲ, ಹೋಗುವುದು ನಿರ್ವಹಣಾ ಕಂಪನಿಯದು. ನಿಧಿಯ ತ್ರೈಮಾಸಿಕ ವರದಿ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಾವಳಿಯಡಿ ಸೆಬಿಯ ಪೋರ್ಟಲ್‌ಗೆ ಹೋಗುತ್ತದೆ. ದಾರಿ ಎರಡು, ನಮೂನೆ ಎರಡು, ಗಡುವು ಎರಡು. ಈ ವ್ಯತ್ಯಾಸವನ್ನು ತರಬೇತುದಾರರು ವಿವರಿಸಿದರು ನಿಜ, ಆದರೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ ಮೇಲೆ, ಅದೂ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಬೆಳಿಗ್ಗೆ ಮೊದಲ ಹತ್ತು ನಿಮಿಷದಲ್ಲಿ ಹೇಳಬೇಕಾದ ಮಾತದು.

ಶನಿವಾರದ ಪೂರ್ವಾಹ್ನವೆಲ್ಲ ಎಕ್ಸ್‌ಬಿಆರ್‌ಎಲ್‌ನ ಚರಿತ್ರೆಗೆ ಸಂದಿತು. 1998ರಲ್ಲಿ ಅಮೆರಿಕದ ಲೆಕ್ಕಪರಿಶೋಧಕ ಚಾರ್ಲ್ಸ್ ಹಾಫ್‌ಮನ್ ಅವರಿಗೆ ಹೊಳೆದ ಯೋಚನೆ, 2009ರಿಂದ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಅದನ್ನು ಹಂತಹಂತವಾಗಿ ಕಡ್ಡಾಯ ಮಾಡಿದ್ದು, 2014ರಿಂದೀಚೆಗೆ ಯುರೋಪಿನ ನಿಧಿ ನಿರ್ವಾಹಕರು ಯಂತ್ರ ಓದಬಲ್ಲ ಎಕ್ಸ್‌ಎಂಎಲ್ ಕಡತದಲ್ಲಿ ವರದಿ ಒಪ್ಪಿಸುತ್ತಿರುವುದು, ನಮ್ಮಲ್ಲಿ 2010-11ರ ಲೆಕ್ಕಪತ್ರದಿಂದ ಆಯ್ದ ಕಂಪನಿಗಳಿಗೆ ಎಕ್ಸ್‌ಬಿಆರ್‌ಎಲ್ ಅನ್ವಯವಾದದ್ದು, ಎಲ್ಲವೂ ಬಂದವು. ಕೇಳಲು ಚೆನ್ನಾಗಿತ್ತು, ಆದರೆ ಅದಕ್ಕೆ ಅರ್ಧ ಗಂಟೆ ಸಾಕಿತ್ತು. ಮಧ್ಯಾಹ್ನ ಅವರು ಕೊಟ್ಟ ಸಾಫ್ಟ್‌ವೇರ್ ಅರ್ಧಕ್ಕರ್ಧ ಲ್ಯಾಪ್‌ಟಾಪ್‌ಗಳಲ್ಲಿ ತೆರೆದುಕೊಳ್ಳಲೇ ಇಲ್ಲ. ಮುಂಚಿತವಾಗಿ ಅಳವಡಿಸಿಕೊಂಡು ಬನ್ನಿ ಎಂದು ಒಂದು ಸಂದೇಶ ಕಳುಹಿಸಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು. ಊಟದ ಬಗ್ಗೆ ತಕರಾರಿಲ್ಲ.

ಭಾನುವಾರದ ಕಥೆಯೇ ಬೇರೆ. ಅಂದು ಬೇರೊಬ್ಬ ತರಬೇತುದಾರರು ಬಂದರು. ಪರಿಭಾಷೆಯನ್ನು ಇಂಗ್ಲಿಷಿನಲ್ಲಿ ಹೇಳಿ, ವಿವರಣೆಯನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಕೊಟ್ಟರು. ಎಕ್ಸ್‌ಬಿಆರ್‌ಎಲ್‌ನಲ್ಲಿ ಸಂಖ್ಯೆಯೊಂದು ಒಂಟಿಯಾಗಿ ಓಡಾಡುವುದಿಲ್ಲ, ಅದು ಯಾವ ಅಂಶದ್ದು, ಯಾವ ಸಂಸ್ಥೆಯದು, ಯಾವ ದಿನದ್ದು ಅಥವಾ ಯಾವ ಅವಧಿಯದು, ಯಾವ ಮಾನದಲ್ಲಿದೆ, ಎಷ್ಟರ ಮಟ್ಟಿಗೆ ನಿಖರ ಎಂಬುದನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡೇ ಹೋಗುತ್ತದೆ ಎಂದು ಅವರು ಆರಂಭಿಸಿದರು. ದಿನಕ್ಕೂ ಅವಧಿಗೂ ಇರುವ ವ್ಯತ್ಯಾಸ ಕೆಲವರಿಗೆ ಹತ್ತಲಿಲ್ಲ. ಆಗ ನಮ್ಮ ಮೇಜಿನಲ್ಲಿದ್ದ ಮಂಡ್ಯದ ಲೆಕ್ಕಪರಿಶೋಧಕರೊಬ್ಬರು, ಪತ್ರಿಕೆಯಲ್ಲಿ ದಿನಾ ಬರುವ ಕನ್ನಂಬಾಡಿ ಕಟ್ಟೆಯ ವರದಿಯನ್ನು ನೆನಪಿಸಿಕೊಳ್ಳಿ ಎಂದರು: ಇವತ್ತು ಬೆಳಿಗ್ಗೆ ನೀರಿನ ಮಟ್ಟ 124.80 ಅಡಿ ಎಂದರೆ ಅದು ಆ ಕ್ಷಣದ್ದು, ಜುಲೈ ತಿಂಗಳಿಡೀ ಇಷ್ಟು ಟಿಎಂಸಿ ನೀರು ಹರಿದು ಬಂತು ಎಂದರೆ ಅದು ಅವಧಿಯದು. ಮಾರ್ಚ್ 31ರ ನಿವ್ವಳ ಆಸ್ತಿ ಮೌಲ್ಯ ಮೊದಲನೆಯ ಜಾತಿ, ವರ್ಷವಿಡೀ ಪಡೆದ ನಿರ್ವಹಣಾ ಶುಲ್ಕ ಎರಡನೆಯದು. ತರಬೇತುದಾರರು ಆ ಉದಾಹರಣೆಯನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ತರಬೇತಿಗೆಂದೇ ಹೆಣೆದಿದ್ದ ಮಾದರಿ ಟ್ಯಾಕ್ಸಾನಮಿಯ (ಯಾವ ಅಂಶಕ್ಕೆ ಯಾವ ಟ್ಯಾಗ್ ಎಂಬ ಪಟ್ಟಿ) ಮೇಲೆ ಒಂದು ಕಾಲ್ಪನಿಕ ನಿಧಿಯ ಅಂಕಿಗಳನ್ನು ನಾವೇ ಟ್ಯಾಗ್ ಮಾಡಬೇಕಿತ್ತು. ಎಕ್ಸೆಲ್ ಹಾಳೆ ಕೋಟಿಗಳಲ್ಲಿತ್ತು. ಹೂಡಿಕೆದಾರರ ಒಟ್ಟು ಬದ್ಧತೆ, ಅಂದರೆ ಅವರು ಕೊಡಲು ಒಪ್ಪಿದ ಮೊತ್ತ, 42.50 ಎಂದಿತ್ತು, ನಾನು 42.50 ಎಂದೇ ತುಂಬಿದೆ. ಪರಿಶೀಲನೆಯ ಗುಂಡಿ ಒತ್ತಿದರೆ ಹಸಿರು ಗುರುತು ಬಂತು! ಅಲ್ಲಿಗೆ ನನ್ನ ನಿಧಿಯ ಗಾತ್ರ ನಲವತ್ತೆರಡೂವರೆ ರೂಪಾಯಿ, ಮಸಾಲೆ ದೋಸೆಗೂ ಸಾಲದಷ್ಟು. ಸಂಖ್ಯೆಯನ್ನು ಪೂರ್ಣ ರೂಪಾಯಿಯಲ್ಲಿ, ಅಂದರೆ 42,50,00,000 ಎಂದು ಬರೆದು, ನಿಖರತೆ ಲಕ್ಷದ ಮಟ್ಟದ್ದು ಎಂಬುದನ್ನು ಡೆಸಿಮಲ್ಸ್ ಎಂಬ ಕಡೆ ಮೈನಸ್ 5 ಎಂದು ಪ್ರತ್ಯೇಕವಾಗಿ ತಿಳಿಸಬೇಕಿತ್ತು. ಯಂತ್ರ ನೋಡುವುದು ಆಕಾರವನ್ನು, ಅರ್ಥವನ್ನಲ್ಲ. ಅರ್ಥವನ್ನೂ ನೋಡಬೇಕೆಂದರೆ ನಿಯಮವನ್ನು ನಾವೇ ಬರೆದುಕೊಡಬೇಕು. ಸ್ಕೀಮ್‌ನ ಕನಿಷ್ಠ ಗಾತ್ರ 20 ಕೋಟಿ ರೂಪಾಯಿ ಇರಬೇಕೆಂಬ ಸೆಬಿಯ ಷರತ್ತನ್ನೇ ಬಳಸಿಕೊಂಡು ತರಬೇತುದಾರರು ಅಂಥದೊಂದು ನಿಯಮವನ್ನು ಎಲ್ಲರ ಎದುರಿಗೇ ಬರೆದು ತೋರಿಸಿದರು. ಮರುಕ್ಷಣ ನನ್ನ ಹಾಳೆ ಕೆಂಪಾಯಿತು. ಆ ಇಪ್ಪತ್ತು ನಿಮಿಷಕ್ಕೇ ಕೊಟ್ಟ ಹಣ ಸಂದಿತು ಎಂದುಕೊಂಡೆ. ವೆಚ್ಚದ ಅಂಶಗಳಿಗೆ ಋಣಚಿಹ್ನೆ ಹಾಕಿ ಕೆಡಿಸುವ ಅಭ್ಯಾಸವನ್ನೂ ಅಂದೇ ಬಿಡಿಸಿದರು.

ತರಬೇತಿಯ ನಿಜವಾದ ಕೊರತೆ ಕಂಡದ್ದು ಸೋಮವಾರ ಕಚೇರಿಯಲ್ಲಿ. ಹೂಡಿಕೆದಾರರಿಂದ ತರಿಸಿಕೊಂಡ ಮೊತ್ತ, ನಾವು ಡ್ರಾಡೌನ್ ಎನ್ನುವುದು, ನಮ್ಮ ಮೂರು ಕಡತಗಳಲ್ಲಿ ಮೂರು ಬಗೆಯಾಗಿತ್ತು. ಒಂದರಲ್ಲಿ ಹಣ ಕೇಳುವ ನೋಟಿಸ್ ಕಳುಹಿಸಿದ ದಿನವೇ ಮೊತ್ತ ಏರಿತ್ತು, ಇನ್ನೊಂದರಲ್ಲಿ ಹಣ ಬ್ಯಾಂಕಿಗೆ ಬಂದ ದಿನ. ಜೂನ್ 24ರಂದು ನೋಟಿಸ್ ಹೋಗಿ ಜುಲೈ 3ರಂದು ಹಣ ಬಂದರೆ ಜೂನ್ 30ರ ವರದಿಯಲ್ಲಿ ಯಾವುದನ್ನು ಹೇಳಬೇಕು? ಮೂರನೆಯದರಲ್ಲಿ ಯೂನಿಟ್ ವಿತರಣೆಯ ಮೇಲಿನ ಶೇ 0.005ರ ಮುದ್ರಾಂಕ ಶುಲ್ಕವನ್ನು ಕಳೆದು ಬರೆದಿದ್ದರು; ಕೋಟಿಗೆ ಐನೂರು ರೂಪಾಯಿಯಷ್ಟೇ ಆದರೂ ತಾಳೆ ತಪ್ಪಿಸಲು ಅಷ್ಟು ಸಾಕು. ಟ್ಯಾಗ್ ಮಾಡುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಯಾವ ಅಂಕಿಯನ್ನು ಯಾರು, ಯಾವ ದಾಖಲೆ ನೋಡಿ, ಯಾವ ದಿನ ಮೊದಲು ಬರೆಯುತ್ತಾರೆ ಎಂಬುದನ್ನು ಮನೆಯೊಳಗೆ ತೀರ್ಮಾನಿಸಿಕೊಳ್ಳಲು ನಮಗೆ ಎರಡು ವಾರ ಹಿಡಿಯಿತು. ಸಿದ್ಧತೆ ಎಂದರೆ ಮುಖ್ಯವಾಗಿ ಇದೇ, ಮತ್ತು ಇದಕ್ಕೆ ಎರಡು ದಿನದಲ್ಲಿ ಒಂದು ಗಂಟೆಯೂ ಮೀಸಲಿರಲಿಲ್ಲ. ಯುರೋಪಿನ ಚರಿತ್ರೆಯ ಜಾಗದಲ್ಲಿ ಇದನ್ನಿಟ್ಟಿದ್ದರೆ ನಾನು ಈ ತರಬೇತಿಗೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ಕೊಡುವುದು ಮೂರೂವರೆ.

ಲೆಕ್ಕ ಬರೆಯುವವರನ್ನು ಕಳುಹಿಸಿ, ನಿರ್ದೇಶಕರನ್ನಲ್ಲ. ಹೋಗುವವರು ತಮ್ಮ ನಿಧಿಯ ಒಂದು ತ್ರೈಮಾಸಿಕದ ನೈಜ ಹಾಳೆಯನ್ನು ಹೂಡಿಕೆದಾರರ ಹೆಸರು ಅಳಿಸಿ ಒಯ್ಯಲಿ. ಭಾನುವಾರಕ್ಕೆ ಮಾತ್ರ ಪ್ರತ್ಯೇಕ ಶುಲ್ಕವಿದೆಯೇ ಎಂದು ವಿಚಾರಿಸಿದೆ, ಇಲ್ಲವಂತೆ. ಮಾದರಿ ಟ್ಯಾಕ್ಸಾನಮಿಯ ಕಡತವನ್ನು ವಾರದೊಳಗೆ ಇಮೇಲ್ ಮಾಡುವುದಾಗಿ ಹೇಳಿದ್ದರು. ಮೂರು ವಾರವಾಯಿತು, ಎರಡು ಬಾರಿ ಫೋನ್ ಮಾಡಿದ್ದೇನೆ, ಇನ್ನೂ ಬಂದಿಲ್ಲ.