ಮಳೆ ನಿಂತ ಮೇಲೆ ಪೂಲ್‌ಗೆ ಯಾವ ಕ್ಲೋರಿನ್? ನಾಲ್ಕನ್ನೂ ಹಾಕಿ ನೋಡಿದೆ

ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ. ಪೂಲ್ 8 ಮೀಟರ್ ಉದ್ದ, 5 ಮೀಟರ್ ಅಗಲ, ಹೆಚ್ಚುಕಡಿಮೆ 50 ಸಾವಿರ ಲೀಟರ್ ನೀರು. ಜೂನ್‌ನಲ್ಲಿ ಮುಚ್ಚಿದರೆ ದಸರಾ ರಜೆಗೇ ತೆರೆಯುವುದು. ಅಷ್ಟೊತ್ತಿಗೆ ನೀರು ಪಾಚಿಗಟ್ಟಿದ ಕೆರೆಯ ಹಾಗಿರುತ್ತದೆ. ತಳದಲ್ಲಿ ಸಿಲ್ವರ್ ಓಕ್ ಎಲೆ, ಮೇಲೆ ಕಪ್ಪೆ ಸಂಸಾರ. ಪೂರ್ತಿ ಖಾಲಿ ಮಾಡಿಬಿಡೋಣ ಅಂದರೆ ಅದೂ ಅಪಾಯ. ಮಳೆಗಾಲದ ಕೊನೆಗೆ ನೆಲದಡಿ ನೀರು ಜಾಸ್ತಿ ಇರುತ್ತದೆ, ಖಾಲಿ ಪೂಲನ್ನು ಅದು ಕೆಳಗಿನಿಂದ ಒತ್ತಿ ಬಿರುಕು ಬಿಡಿಸಬಹುದು. ಹಾಗಾಗಿ ಎಲೆ ತೆಗೆದು, ಗೋಡೆ ಉಜ್ಜಿ, ಇದ್ದ ನೀರನ್ನೇ ಸರಿ ಮಾಡಬೇಕು.

ಮೊದಲ ವರ್ಷ ಬ್ಲೀಚಿಂಗ್ ಪೌಡರ್. ಬಾವಿಗೆ ಹಾಕುತ್ತೇವಲ್ಲ, ಪೂಲ್‌ಗೂ ಸಾಕು ಅಂದುಕೊಂಡೆ. ಇದರಲ್ಲಿ ಕ್ಲೋರಿನ್ ಮೂರರಲ್ಲೊಂದು ಭಾಗವೂ ಕಷ್ಟ, ಉಳಿದದ್ದು ಬಹುಪಾಲು ಸುಣ್ಣ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರು ಮಾತ್ರ ಸುರಿಯಬೇಕಿತ್ತು. ನಾನು ಗಸಿ ಸಮೇತ ಸುರಿದೆ. ಹಸಿರು ಹೋಗಿ ಮಜ್ಜಿಗೆ ಬಂತು. ಫಿಲ್ಟರ್ ಕಟ್ಟಿಕೊಂಡು ಎರಡು ದಿನ ಬರೀ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಂದಕ್ಕೆ ಹರಿಸಿ ಫಿಲ್ಟರ್ ತೊಳೆಯುವ ಕೆಲಸ. ಅಗ್ಗ ನಿಜ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಚೀಲದಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಮತ್ತೆ ತರಲಿಲ್ಲ.

ಎರಡನೇ ವರ್ಷ ಟಿಸಿಸಿಎ ಅನ್ನುವ ಕ್ಲೋರಿನ್ ಮಾತ್ರೆ. ಬಿಲ್ಲೆಯೊಂದು 200 ಗ್ರಾಂ, 90% ಕ್ಲೋರಿನ್. ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಗೆ ಹಾಕಿ ಮರೆತುಬಿಡಿ ಅಂದರು. ಮರೆತೆ. ವಾರವಾದರೂ ಹಸಿರು ಹೋಗಲಿಲ್ಲ, ಏಕೆಂದರೆ ಅದು ನಿಧಾನವಾಗಿ ಕರಗುವ ವಸ್ತು. ಪಾಚಿಯನ್ನು ಒಂದೇ ಏಟಿಗೆ ಹೊಡೆಯುವ ಕೆಲಸ ಅದರದ್ದಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಮಾತ್ರೆ ಹುಳಿ ಸ್ವಭಾವದ್ದು. ನೀರಿನ ಹುಳಿ-ಕ್ಷಾರ ಅಳೆಯುವ ಪಿಎಚ್ ಕಿಟ್‌ಗೆ ಹನಿ ಹಾಕಿದರೆ ಕೆಂಪು ಬರುವ ಬದಲು ಹಳದಿ, ಅಂದರೆ ನೀರು ಹುಳಿಯಾಗಿದೆ. ಟೈಲ್ಸ್ ನಡುವಿನ ಗ್ರೌಟ್ ಮುಟ್ಟಿದರೆ ಮರಳಿನಂತೆ ಉದುರಿತು.

ಆಗಲೇ ನನಗೆ ಆಲ್ಕಲಿನಿಟಿ ಅರ್ಥವಾಗಿದ್ದು. ಮಲೆನಾಡಿನ ಮಳೆನೀರು, ಬಾವಿನೀರು ತುಂಬಾ ಮೆದು. ಪಿಎಚ್ ಅನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಪರೀಕ್ಷೆ ಮಾಡಿದರೆ ನಮ್ಮದು 30 ಪಿಪಿಎಂ (ಹತ್ತು ಲಕ್ಷದಲ್ಲಿ 30 ಭಾಗ). ಇರಬೇಕಾದದ್ದು 80ರಿಂದ 120. ಇಂಥ ನೀರಿಗೆ ಹುಳಿ ಮಾತ್ರೆ ಹಾಕಿದರೆ ಪಿಎಚ್ ಜಾರುಬಂಡೆ ಹತ್ತಿದ ಹಾಗೆ. ಪಟಿಕ ಹಾಕಿದರೂ ಅದೇ ಕತೆ. ಅದು ಇದ್ದಬದ್ದ ಆಲ್ಕಲಿನಿಟಿಯನ್ನೂ ತಿಂದು ಹಾಕುತ್ತದೆ, ಕೊಳೆಯೂ ಸರಿಯಾಗಿ ತಳಕ್ಕೆ ಕೂರುವುದಿಲ್ಲ.

ಪರಿಹಾರ ಅಡುಗೆ ಸೋಡಾ! 50 ಸಾವಿರ ಲೀಟರ್‌ಗೆ 10 ಪಿಪಿಎಂ ಏರಿಸಲು ಸುಮಾರು 850 ಗ್ರಾಂ ಬೇಕು. ಎರಡು ಸಂಜೆ ಎರಡೆರಡು ಕಿಲೋ ಹಾಕಿದೆ, 80ರ ಹತ್ತಿರ ಬಂತು. ಈಗ ಪ್ರತಿ ವರ್ಷ ಮೊದಲು ಸೋಡಾ, ಆಮೇಲೆ ಪಿಎಚ್ 7.2ರಿಂದ 7.6ರ ಒಳಗೆ ತರುವುದು, ಕೊನೆಗೆ ಕ್ಲೋರಿನ್. ಪಿಎಚ್ 8 ದಾಟಿದರೆ ಕ್ಲೋರಿನ್ ಎಷ್ಟು ಸುರಿದರೂ ಕೆಲಸ ಮಾಡುವುದು ಅದರಲ್ಲಿ ಕಾಲು ಭಾಗವೂ ಅಲ್ಲ.

ಮೂರನೇ ವರ್ಷ ಹರಳು, ಅಂದರೆ 65% ಕ್ಯಾಲ್ಸಿಯಂ ಹೈಪೋಕ್ಲೋರೈಟ್. 10 ಪಿಪಿಎಂ ಕ್ಲೋರಿನ್‌ಗೆ ಮುಕ್ಕಾಲು ಕಿಲೋ. ಬಕೆಟ್ ನೀರಿಗೆ ಹರಳು ಹಾಕಿ ಕರಗಿಸಿ, ಸಂಜೆ ಸುತ್ತಲೂ ಸುರಿದು, ಪಂಪ್ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಹಸಿರು ಬೂದಿಯಾಗಿತ್ತು. ಮೂರು ರಾತ್ರಿಗೆ ತಳ ಕಂಡಿತು. ಇದರ ಮೇಲಿರುವ ದೂರು ಎರಡು: ಕ್ಯಾಲ್ಸಿಯಂ ಏರಿಸುತ್ತದೆ, ಪಿಎಚ್ ಸ್ವಲ್ಪ ಮೇಲೆ ತಳ್ಳುತ್ತದೆ. ನಮ್ಮ ಮೆದು ನೀರಿಗೆ ಬೇಕಾದದ್ದೇ ಅವೆರಡು, ಅಲ್ವಾ? ಸುಣ್ಣ ಸಾಲದ ನೀರು ಗ್ರೌಟ್‌ನಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ.

ಲಿಕ್ವಿಡ್ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಕೂಡ ಹಸಿರು ತೆಗೆಯುವುದರಲ್ಲಿ ಹರಳಿಗೆ ಸಮ. 10 ಪಿಪಿಎಂಗೆ 5 ಲೀಟರ್ ಸುರಿದರೆ ಮುಗಿಯಿತು, ಕರಗಿಸುವ ರಗಳೆ ಇಲ್ಲ. ಆದರೆ ಹಾಸನದಿಂದ ಕ್ಯಾನ್ ತರಬೇಕು. ಬಿಸಿಲಿಗೆ, ದಿನ ಕಳೆದ ಹಾಗೆ, ಸಪ್ಪೆಯಾಗುತ್ತದೆ. ಪಿಕಪ್‌ನಲ್ಲಿ ಚೆಲ್ಲಿ ನನ್ನ ಒಂದು ಪ್ಯಾಂಟ್ ಕೂಡ ಹೋಯಿತು.

ನಡುವೆ ಮೈಲುತುತ್ತದ ವಿಷಯ ಹೇಳಿಬಿಡುತ್ತೇನೆ. ಕಾಫಿ ತೋಟದವರ ಸ್ಟೋರಿನಲ್ಲಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದದ್ದು ಇದ್ದೇ ಇರುತ್ತದೆ. "ಒಂದು ಹಿಡಿ ಹಾಕಿ ಅಣ್ಣಾ, ಪಾಚಿ ಸತ್ತೋಗ್ತದೆ" ಅಂದ ನಮ್ಮ ಹುಡುಗ. ಪಾಚಿ ಸತ್ತಿತು. ಮೆಟ್ಟಿಲ ಮೇಲಿನ ನೀಲಿ ಕಲೆ ಮಾತ್ರ ಇವತ್ತಿಗೂ ಇದೆ.

ಮಾತ್ರೆಯನ್ನು ಪೂರ್ತಿ ಬಿಟ್ಟಿಲ್ಲ. ಬರೀ ಹರಳು ಹಾಕಿದರೆ ಅಕ್ಟೋಬರ್ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ಹಾರಿಹೋಗುತ್ತದೆ. ಮಾತ್ರೆಯಲ್ಲಿರುವ ಸಯನ್ಯೂರಿಕ್ ಆಮ್ಲ ಅದಕ್ಕೆ ಕೊಡೆ ಹಿಡಿದ ಹಾಗೆ. ನೀರು ತಿಳಿಯಾದ ಮೇಲೆ ಕೆಲವು ವಾರ ಮಾತ್ರೆ ಹಾಕಿ ಅದನ್ನು 30 ಪಿಪಿಎಂಗೆ ತಂದು ನಿಲ್ಲಿಸುತ್ತೇನೆ. ಅದು ನೀರಿನಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಜಾಸ್ತಿಯಾದರೆ ಕ್ಲೋರಿನ್ ಇದ್ದೂ ಇಲ್ಲದ ಹಾಗೆ, ಆಗ ನೀರು ಬದಲಿಸುವುದೊಂದೇ ದಾರಿ. ಮಾತ್ರೆಗೂ ಹರಳಿಗೂ ಬೇರೆ ಬೇರೆ ಬಕೆಟ್, ಬೇರೆ ಬೇರೆ ಮಗ್ ಇಟ್ಟಿದ್ದೇನೆ. ಎರಡೂ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಆಸಿಡ್ ಕ್ಯಾನ್ ಇವೆರಡರ ಹತ್ತಿರವೂ ಸುಳಿಯಬಾರದು, ಸೇರಿದರೆ ವಿಷಗಾಳಿ.

ನನ್ನ ಮಾತು ಕೇಳಿ ಬೆಂಗಳೂರಿನ ಭಾವ ತಮ್ಮ ಅಪಾರ್ಟ್‌ಮೆಂಟ್ ಪೂಲ್‌ಗೂ ಹರಳು ತರಿಸಿದರು. ಅವರದು ಬೋರ್‌ವೆಲ್ ನೀರು, ಗಡಸುತನ ಮೊದಲೇ 500 ದಾಟಿತ್ತು. ಮೊದಲ ವಾರಕ್ಕೇ ಟೈಲ್ಸ್ ಮೇಲೆ ಬಿಳಿ ಪೊರೆ. ಈಗ ಅವರು ಲಿಕ್ವಿಡ್‌ಗೆ ಹೋಗಿದ್ದಾರೆ, ಪಿಎಚ್ ಏರಿದರೆ ಸ್ವಲ್ಪ ಆಸಿಡ್. ಉಳಿದ ಹರಳನ್ನು ದೀಪಾವಳಿಗೆ ಬರುವಾಗ ನನಗೇ ತರುತ್ತೇನೆ ಅಂದರು. ಡಿಕ್ಕಿಯಲ್ಲಿ ಪಟಾಕಿ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದಾರಂತೆ. ಹೊರಡುವ ಮುಂಚೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ಆ ವರ್ಷ ಪಟಾಕಿಯನ್ನು ಸಕಲೇಶಪುರದಲ್ಲೇ ಕೊಂಡೆವು.