ಸ್ಟೆಲೇರಿಯಂ: ಹಾರುವ ತಟ್ಟೆಯ ಹಳೆಯ ಕಡತಗಳನ್ನು ಪರೀಕ್ಷಿಸುವ ಸಾಧನವಾಗಿ

ಅಮೆರಿಕದ ವಾಯುಪಡೆ 1969ರಲ್ಲಿ ಹಾರುವ ತಟ್ಟೆಗಳ ಕುರಿತ ಪ್ರಾಜೆಕ್ಟ್ ಬ್ಲೂ ಬುಕ್ ತನಿಖೆಯನ್ನು ಮುಚ್ಚಿದಾಗ ಕಡತದಲ್ಲಿದ್ದ 12,618 ವರದಿಗಳ ಪೈಕಿ 701 ಮಾತ್ರ ಗುರುತು ಸಿಗದೆ ಉಳಿದಿದ್ದವು. ಗುರುತು ಸಿಕ್ಕವುಗಳಲ್ಲಿ ಅನೇಕಕ್ಕೆ ಶುಕ್ರ, ಉಲ್ಕೆ, ನಕ್ಷತ್ರ ಎಂಬ ಷರಾ ಬಿದ್ದಿದೆ. ಆ ಷರಾವನ್ನು ಕಣ್ಣು ಮುಚ್ಚಿ ನಂಬುವ ಬದಲು ನಾವೇ ಪರೀಕ್ಷಿಸಲು ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ನೆರವಾಗುತ್ತದೆ. ಸ್ಥಳ, ದಿನಾಂಕ ಮತ್ತು ವೇಳೆಯನ್ನು ಕೊಟ್ಟರೆ ಅದು ಆ ಹೊತ್ತಿನ ಆಕಾಶವನ್ನು ಪರದೆಯ ಮೇಲೆ ತೋರಿಸುತ್ತದೆ.

ಮೊದಲು 1966ರ ಏಪ್ರಿಲ್ 17ನ್ನು ಕೊಟ್ಟು ನೋಡಿದೆ. ಅಂದು ನಸುಕಿನಲ್ಲಿ ಓಹಿಯೋ ರಾಜ್ಯದ ಪೊಲೀಸರು ಹೊಳೆಯುವ ವಸ್ತುವೊಂದನ್ನು ಕಾರಿನಲ್ಲಿ ಬೆನ್ನಟ್ಟಿ ಪೆನ್ಸಿಲ್ವೇನಿಯಾದವರೆಗೆ ಹೋಗಿದ್ದರು. ಅವರು ಮೊದಲು ಕಂಡದ್ದು ಉಪಗ್ರಹ, ಆಮೇಲೆ ಕಂಡದ್ದು ಶುಕ್ರ ಎಂದು ಬ್ಲೂ ಬುಕ್ ತೀರ್ಮಾನಿಸಿತು. ಪೊಲೀಸರು ಅದನ್ನು ಒಪ್ಪಲಿಲ್ಲ. ಪರದೆಯಲ್ಲಿ ಐದು ಗಂಟೆಯ ಸುಮಾರಿಗೆ ಆಗ್ನೇಯದ ಕಡೆ ತಗ್ಗಿನಲ್ಲಿ ಬೆಳ್ಳಿ ಚುಕ್ಕಿ ಬೆಳಗುತ್ತಿತ್ತು, ಅದರ ಸನಿಹದಲ್ಲೇ ಅಮಾವಾಸ್ಯೆಗೆ ಮುಂಚಿನ ತೆಳುವಾದ ಚಂದ್ರನೂ ಇದ್ದ. ನನ್ನ ದೃಷ್ಟಿಯಲ್ಲಿ ಬಹಳ ಬೆಲೆಯುಳ್ಳ ವಿವರವಿದು, ಏಕೆಂದರೆ ಚಂದ್ರನ ಬಳಿ ಎಷ್ಟು ಬೆಳಕುಗಳಿದ್ದವು ಎಂಬ ಒಂದೇ ಪ್ರಶ್ನೆಯಿಂದ ಸಾಕ್ಷಿ ನೋಡಿದ್ದು ಶುಕ್ರನೋ ಅಲ್ಲವೋ ಎಂಬುದನ್ನು ಬಹುಮಟ್ಟಿಗೆ ತಿಳಿಯಬಹುದು: ಒಂದೇ ಬೆಳಕಾದರೆ ಅದು ಶುಕ್ರನೇ ಇರಬೇಕು, ಎರಡಾದರೆ ಇನ್ನೊಂದು ಬೇರೆ ವಸ್ತು.

ಎರಡನೆಯ ಪರೀಕ್ಷೆ ತಂತ್ರಾಂಶದ ಮಿತಿಯನ್ನು ತೋರಿಸಿತು. 1948ರ ಜನವರಿ 7ರ ಮಧ್ಯಾಹ್ನ ಕೆಂಟಕಿಯ ಜನರು ಆಕಾಶದಲ್ಲಿ ವಿಚಿತ್ರ ವಸ್ತುವಿದೆಯೆಂದು ಪೊಲೀಸರಿಗೆ ತಿಳಿಸಿದರು; ಅದರ ಬೆನ್ನು ಹತ್ತಿದ ಪೈಲಟ್ ಥಾಮಸ್ ಮ್ಯಾಂಟೆಲ್ ವಿಮಾನ ಬಿದ್ದು ತೀರಿಕೊಂಡರು. ಅದು ಶುಕ್ರನಿರಬೇಕೆಂದು ವಾಯುಪಡೆ ಮೊದಲು ಹೇಳಿತ್ತು. ಮೂರು ಗಂಟೆಗೆ ಹೊಂದಿಸಿದರೆ ಶುಕ್ರ ದಕ್ಷಿಣದಿಂದ ತುಸು ನೈಋತ್ಯಕ್ಕೆ, ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ ಇರುವುದು ನಿಜ. ಕೀಲಿಮಣೆಯ ‘ಎ’ ಒತ್ತಿ ವಾತಾವರಣವನ್ನು, ಅಂದರೆ ಹಗಲಿನ ನೀಲಿ ಬೆಳಕನ್ನು, ಪರದೆಯಿಂದ ತೆಗೆದರಂತೂ ಅದು ಥಳಥಳ ಹೊಳೆಯುತ್ತದೆ. ಆದರೆ ಹಾಡುಹಗಲಿನ ಆಕಾಶದಲ್ಲಿ ಶುಕ್ರ ಸೂಜಿಮೊನೆಯಷ್ಟು ಚಿಕ್ಕ ಚುಕ್ಕೆ. ಎಲ್ಲಿದೆಯೆಂದು ಗೊತ್ತಿಲ್ಲದವರ ಕಣ್ಣಿಗೆ ಬೀಳುವುದೇ ಅಪರೂಪ. ಮುಂದೆ ವಿವರಣೆ ಸ್ಕೈಹುಕ್ ಎಂಬ ದೈತ್ಯ ಬಲೂನಿನ ಕಡೆಗೆ ವಾಲಿತು. ಗ್ರಹ ಎಲ್ಲಿತ್ತೆಂಬುದನ್ನು ಸ್ಟೆಲೇರಿಯಂ ಖಚಿತವಾಗಿ ಹೇಳುತ್ತದೆ, ಸಾಕ್ಷಿಗೆ ಕಂಡದ್ದು ಅದೇ ಎಂದು ಹೇಳಲಾರದು. ಆದ್ದರಿಂದ ವಾತಾವರಣವನ್ನು ಹಾಗೇ ಇಟ್ಟು ನೋಡಬೇಕು.

ಕಾಲವಲಯವನ್ನು ಕೈಯಾರೆ ಹೊಂದಿಸುವುದೂ ಒಳ್ಳೆಯದು. ಒಂದು ಗಂಟೆ ತಪ್ಪಿದರೆ ಆಕಾಶ 15 ಡಿಗ್ರಿ ತಿರುಗಿರುತ್ತದೆ, ಅಷ್ಟರಿಂದ ಸರಿಯಾದ ವಿವರಣೆಯೂ ಸುಳ್ಳಾಗಿ ಕಾಣಬಹುದು. ಗ್ರಹ, ನಕ್ಷತ್ರಗಳ ಮಟ್ಟಿಗೆ ಈ ಸಾಧನದಲ್ಲಿ ನನಗೆ ಪೂರ್ಣ ಭರವಸೆಯಿದೆ. ಉಪಗ್ರಹಗಳ ವಿಷಯ ಬೇರೆ: ಅವುಗಳ ಕಕ್ಷೆಯ ಮಾಹಿತಿ ಕೆಲವೇ ದಿನಗಳಲ್ಲಿ ಹಳಸುವುದರಿಂದ, ಓಹಿಯೋ ಪ್ರಕರಣದ ಉಪಗ್ರಹದ ಭಾಗವನ್ನು ಇದರಲ್ಲಿ ಪರೀಕ್ಷಿಸಲು ನನಗೆ ಸಾಧ್ಯವಾಗಲಿಲ್ಲ.