ಡೆಬಿಯನ್: ಎಂಟು ವರ್ಷ, ಒಂದೇ ಇನ್‌ಸ್ಟಾಲೇಶನ್

ಡೆಬಿಯನ್ ಅಂದರೆ ವಿಂಡೋಸ್ ಬದಲು ಬಳಸಬಹುದಾದ, ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಂ. 2017ರಲ್ಲಿ ಲ್ಯಾಪ್‌ಟಾಪಿಗೆ ಅದರ 9ನೇ ಆವೃತ್ತಿ, ಅಂದರೆ ‘ಸ್ಟ್ರೆಚ್’ ಹಾಕಿಕೊಂಡೆ. ಆಮೇಲೆ ಬಸ್ಟರ್, ಬುಲ್ಸ್‌ಐ, ಬುಕ್‌ವರ್ಮ್ ಎಂಬ ಆವೃತ್ತಿಗಳು ಬಂದವು. 2025ರ ಆಗಸ್ಟ್‌ನಲ್ಲಿ ಟ್ರಿಕ್ಸಿಯೂ ಬಂತು. ಇಷ್ಟರಲ್ಲಿ ಒಮ್ಮೆಯೂ ಡಿಸ್ಕ್ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಲ್ಲ. ಎಸ್‌ಎಸ್‌ಡಿ ಹಾಕಿಸಿದಾಗಲೂ ಹಳೆಯದನ್ನೇ ಹಾಗ್ಹಾಗೇ ನಕಲು ಮಾಡಿಕೊಂಡೆ. ನಾನು ಡೆಬಿಯನ್ ಬಿಡದಿರಲು ಮೊದಲ ಕಾರಣ ಇದೇ.

ಶುರುವಿನಲ್ಲಿ ಕಷ್ಟವಾಗಿತ್ತು. ನನ್ನ ವೈಫೈ ಕಾರ್ಡಿಗೆ ಮುಕ್ತವಲ್ಲದ ಫರ್ಮ್‌ವೇರ್ (ಆ ಕಾರ್ಡ್ ಕೆಲಸ ಮಾಡಲು ಬೇಕಾದ ಪುಟ್ಟ ಸಾಫ್ಟ್‌ವೇರ್) ಬೇಕಿತ್ತು, ಆಗಿನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಅಂಥದ್ದಕ್ಕೆ ಜಾಗವಿರಲಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದೆ. ಈಗ ಆ ಪಾಡಿಲ್ಲ. 2022ರಲ್ಲಿ ಡೆಬಿಯನ್ ಡೆವಲಪರ್‌ಗಳು ಬಹಿರಂಗವಾಗಿ ಚರ್ಚಿಸಿ, ಮತ ಹಾಕಿ ನಿಯಮ ಬದಲಿಸಿದರು. ಬುಕ್‌ವರ್ಮ್‌ನಿಂದ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ನಾನು ದಿನವಿಡೀ ಬಳಸುವ ವಸ್ತುವಿನ ಬಗ್ಗೆ ಹೀಗೆ ಎಲ್ಲರೆದುರು ತೀರ್ಮಾನವಾಗುವುದು ನನಗೆ ತುಂಬ ದೊಡ್ಡ ಸಂಗತಿ.

ಅಪ್‌ಗ್ರೇಡ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಾಫ್ಟ್‌ವೇರ್ ಎಲ್ಲಿಂದ ಇಳಿಸಬೇಕೆಂದು ಹೇಳುವ ‘ಸೋರ್ಸಸ್ ಲಿಸ್ಟ್’ ಫೈಲಿನಲ್ಲಿ ಹಳೆಯ ಆವೃತ್ತಿಯ ಹೆಸರಿರುವ ಜಾಗದಲ್ಲಿ ಹೊಸದನ್ನು ಬರೆದು, ಸಾಫ್ಟ್‌ವೇರ್ ಹಾಕುವ-ತೆಗೆಯುವ ‘ಆಪ್ಟ್’ನಲ್ಲಿ ಅಪ್‌ಡೇಟ್, ಆಮೇಲೆ ಫುಲ್-ಅಪ್‌ಗ್ರೇಡ್ ಕೊಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಬುಲ್ಸ್‌ಐಗೆ ಹೋಗುವಾಗ ನಾನು ಬರೀ ಹೆಸರು ಬದಲಿಸಿದೆ. ಆ ಫೈಲಿನಲ್ಲಿ ಭದ್ರತಾ ತಿದ್ದುಪಡಿಗಳಿಗೆಂದು ಇರುವ ಸೆಕ್ಯುರಿಟಿ ಸಾಲು ಎರರ್ ಕೊಟ್ಟಿತು. ಹಿಂದೆ ‘ಬಸ್ಟರ್/ಅಪ್‌ಡೇಟ್ಸ್’ ಎಂದಿದ್ದದ್ದು ಆ ಸಲ ‘ಬುಲ್ಸ್‌ಐ-ಸೆಕ್ಯುರಿಟಿ’ ಆಗಿತ್ತು. ರಿಲೀಸ್ ನೋಟ್ಸ್‌ನಲ್ಲಿ ಅದು ಸ್ಪಷ್ಟವಾಗಿತ್ತು, ನಾನೇ ಓದಿರಲಿಲ್ಲ. ಬುಕ್‌ವರ್ಮ್ ಸಲ ಮೊದಲಿಂದ ಕೊನೆವರೆಗೆ ಓದಿದೆ: ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಪದವನ್ನು ಆ ಫೈಲಿನ ಸಾಲುಗಳಿಗೆ ಕೈಯಾರೆ ಸೇರಿಸಬೇಕು, ಇಲ್ಲವಾದರೆ ವೈಫೈ ಫರ್ಮ್‌ವೇರ್‌ಗೆ ಮುಂದೆ ಅಪ್‌ಡೇಟ್ ಸಿಗದು. ಮತ್ತೆ, ನಡುವಿನ ಆವೃತ್ತಿ ಬಿಟ್ಟು ಜಿಗಿಯುವಂತಿಲ್ಲ. ಒಂದೊಂದೇ ಮೆಟ್ಟಿಲು ಹತ್ತಬೇಕು.

ಡೆಬಿಯನ್‌ನಲ್ಲಿ ಸಿಗುವ ಸಾಫ್ಟ್‌ವೇರ್ ಹಳೆಯದು ಎಂದು ಹಲವರು ದೂರುತ್ತಾರೆ, ಅದು ನಿಜವೇ. ‘ಸ್ಟೇಬಲ್’, ಅಂದರೆ ಪರೀಕ್ಷಿಸಿ ಹೊರತಂದ ಸ್ಥಿರ ಆವೃತ್ತಿ, ಬಿಡುಗಡೆಯಾದರೆ ಸುಮಾರು ಎರಡು ವರ್ಷ ಬಹುತೇಕ ಅದೇ ಸಾಫ್ಟ್‌ವೇರ್ ಆವೃತ್ತಿಗಳು, ಬರುವುದು ದೋಷ ಮತ್ತು ಭದ್ರತೆಯ ತಿದ್ದುಪಡಿಗಳಷ್ಟೇ. ಹೊಚ್ಚ ಹೊಸ ಲ್ಯಾಪ್‌ಟಾಪ್ ಕೊಂಡವರು ಸ್ಟೇಬಲ್‌ಗೆಂದು ಹೊಸ ಸಾಫ್ಟ್‌ವೇರ್ ಕೊಡುವ ‘ಬ್ಯಾಕ್‌ಪೋರ್ಟ್ಸ್’ನಿಂದ ಹೊಸ ಕರ್ನಲ್ (ಹಾರ್ಡ್‌ವೇರ್ ನಡೆಸುವ ಸಿಸ್ಟಂನ ತಿರುಳು) ಹಾಕಿಕೊಳ್ಳಬೇಕಾದೀತು. ಹೊಸ ಗೇಮ್‌ಗಳ ಬೆನ್ನು ಹತ್ತಿದವರಿಗೆ ನಾನು ಇದನ್ನು ಹೇಳುವುದಿಲ್ಲ. ನನಗೆ ಮಾತ್ರ ನಿನ್ನೆ ಕಂಡ ಬಟನ್ ಇವತ್ತೂ ಅಲ್ಲೇ ಇರಬೇಕು. ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಸೇರಿ ಪ್ರತಿ ಆವೃತ್ತಿಗೆ ಐದು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತದೆ, ಆತುರವೇ ಇಲ್ಲ. ಅಂದಹಾಗೆ, ಹಳೆಯ 32 ಬಿಟ್ ಪಿಸಿ ಇದ್ದವರು ಗಮನಿಸಿ: ಟ್ರಿಕ್ಸಿಯಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ.

1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಈ ಕೆಲಸವನ್ನು ಇವತ್ತಿಗೂ ಸ್ವಯಂಸೇವಕರೇ ನಡೆಸುತ್ತಿದ್ದಾರೆ. ಇಷ್ಟು ವರ್ಷ ಬರೀ ಪಡೆದುಕೊಂಡೆ. ಟ್ರಿಕ್ಸಿಗೆ ಬಂದ ಮೇಲೆ ಮೊದಲ ಸಲ, ದೋಷ ವರದಿ ಮಾಡುವ ‘ರಿಪೋರ್ಟ್‌ಬಗ್’ ತೆರೆದು ಒಂದು ದೋಷ ಬರೆದು ಕಳಿಸಿದೆ. ಮೂರನೇ ದಿನ, ದೋಷವಿದ್ದ ಆ ಸಾಫ್ಟ್‌ವೇರ್ ಪ್ಯಾಕೇಜ್ ನೋಡಿಕೊಳ್ಳುವವರ ಮೇಲ್ ಬಂತು: ಧನ್ಯವಾದ, ಲಾಗ್ ಕೂಡ ಕಳಿಸುತ್ತೀರಾ?